ಅಕ್ಕನ ಎರಡನೇ ಟೇಕ್

ಅಕ್ಕ ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದಳು. ಹತ್ತೂವರೆಗೇ ನಾನು ಎಲ್ಲ ಜೋಡಿಸಿಟ್ಟುಕೊಂಡು ಕೂತಿದ್ದೆ. ಮೇಜಿನ ಮೇಲೆ ಪ್ಲೇಯರ್, ಪಕ್ಕದಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಪುಟ್ಟ ಯಂತ್ರ, ನಡುವೆ ಬಿಳಿ ಕಾಗದದ ಲಕೋಟೆಯಲ್ಲಿ ಆ ಗ್ರಾಮಫೋನ್ ತಟ್ಟೆ. ಅದರಲ್ಲಿ ಅಕ್ಕನ ದನಿ ಇತ್ತು. ಈಗಲೂ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹಾಕಿ ನೋಡುವ ಹಾಗೂ ಇರಲಿಲ್ಲ.

ನಾನು ಲಿಫ್ಟ್ ರಿಪೇರಿ ಮಾಡುವವನು. ಹದಿನಾಲ್ಕನೇ ವಯಸ್ಸಿನಿಂದ ರಾಕ್ ಹುಚ್ಚು. ಗಿಟಾರ್ ಕಿರುಚಬೇಕು, ಕಿಟಕಿಯ ಗಾಜು ನಡುಗಬೇಕು, ಪಕ್ಕದ ಮನೆಯವರು ಬಂದು ಬಾಗಿಲು ಬಡಿಯಬೇಕು, ಆಗಲೇ ನನಗೆ ಸಂಗೀತ ಕೇಳಿದ ಹಾಗೆ. ಅಕ್ಕ ನನ್ನನ್ನು ಗುಡುಗಪ್ಪ ಎಂದು ಕರೆಯುವುದು ಅದಕ್ಕೇ. ಆರು ವರ್ಷ ದೊಡ್ಡವಳಾದ ಅವಳು ಸೋಲ್, ಫಂಕ್ ಎಂದು ಪ್ರಾಣ ಬಿಡುತ್ತಿದ್ದಳು. ಒಂದೆರಡು ವರ್ಷ ಯಾವುದೋ ಬ್ಯಾಂಡಿನಲ್ಲಿ ಹಾಡಿದಳು ಕೂಡ. ನಾನು ಒಂದು ಸಲವೂ ಹೋಗಿ ಕೇಳಲಿಲ್ಲ. ನಿಮ್ಮದು ಸೊಂಟ ಕುಣಿಸುವ ಸಂಗೀತ ಎಂದು ಆಡಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ ಕೂರುತ್ತಿದ್ದೆ. ಆಮೇಲೆ ಅವಳ ಗಂಟಲಿಗೆ ಆಪರೇಷನ್ ಆಯಿತು. ಈಗ ಅವಳು ಮಾತಾಡಿದರೆ ಒಣಗಿದ ಎಲೆಗಳ ಮೇಲೆ ಯಾರೋ ನಡೆದ ಹಾಗೆ ಕೇಳುತ್ತದೆ. ಹಾಡುವುದಂತೂ ದೂರದ ಮಾತು.

ನನಗೆ ಬುದ್ಧಿ ಬಂದದ್ದು ನಲವತ್ತು ದಾಟಿದ ಮೇಲೆ. ಹಳೇ ರೆಕಾರ್ಡುಗಳ ಅಂಗಡಿಯ ಯಜಮಾನರು ಪ್ಲೇಯರಿನ ಸೂಜಿ ಕೂರಿಸುವುದರಲ್ಲಿ ಎತ್ತಿದ ಕೈ. ಎಲ್ಲರೂ ಅವರನ್ನು ಸೂಜಿಮಾಮ ಎನ್ನುತ್ತಾರೆ. ಅವರು ಒಂದು ದಿನ ಫಂಕ್ ತಟ್ಟೆಯೊಂದನ್ನು ಹಾಕಿದ್ದರು. ಬೇಸ್ ಗಿಟಾರಿನವನು ಎರಡು ಸ್ವರ ನುಡಿಸಿ ಸುಮ್ಮನಾದ. ಅವನು ಸುಮ್ಮನಿದ್ದ ಜಾಗದಲ್ಲಿ ನನ್ನ ಕಾಲು ತಾನಾಗಿಯೇ ನೆಲ ತಟ್ಟಿತು. ರಾಕ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಇಲ್ಲಿ ಯಾವಾಗ ಬಾಯಿ ಮುಚ್ಚಬೇಕೆಂದು ಪ್ರತಿಯೊಬ್ಬನಿಗೂ ಗೊತ್ತು. ಮೋಟರಿನ ಸದ್ದು ಕೇಳಿಯೇ ಲಿಫ್ಟಿನ ರೋಗ ಹೇಳುವವನಿಗೆ ಬೇಸಿನ ರುಚಿ ಹತ್ತಿದರೆ ಕೇಳಬೇಕೆ. ವರ್ಷ ತುಂಬುವುದರೊಳಗೆ ನನ್ನ ಕಪಾಟಿನಲ್ಲಿ ರಾಕ್ ಒಂದು ಮೂಲೆಗೆ ಸರಿಯಿತು.

ಹೋದ ತಿಂಗಳು, ಮುಚ್ಚಿಹೋದ ಸ್ಟುಡಿಯೋ ಒಂದರ ಲಿಫ್ಟ್ ಬಿಚ್ಚಲು ಹೋದಾಗ, ಗುಜರಿಗೆ ಹೊರಟಿದ್ದ ಪೆಟ್ಟಿಗೆಯಲ್ಲಿ ಈ ತಟ್ಟೆ ಸಿಕ್ಕಿತು. ಹೆಸರಿಲ್ಲ, ಊರಿಲ್ಲ, 'ಎರಡನೇ ಟೇಕ್' ಎಂದು ಪೆನ್ಸಿಲಿನಲ್ಲಿ ಬರೆದಿತ್ತು, ಅಷ್ಟೇ. ಮನೆಗೆ ತಂದು ಹಾಕಿದೆ. ಫಂಕ್. ಯಾರೋ ಹೆಂಗಸು ಹಾಡುತ್ತಿದ್ದರು, ಇರಲಿ, ಆದರೆ ಅಂಥ ಬೇಸ್ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಸಲ, ಸಂಜೆ ಬಂದು ಇನ್ನೊಂದು ಸಲ, ಹೀಗೆ ಮೂರು ವಾರ. ಜೋರಾಗಿ ಹಾಕಿದಾಗ ಸೂಜಿ ಹಾರುತ್ತಿತ್ತು. ಅದಕ್ಕೆ ನಮ್ಮ ರಾಕ್ ಮಂದಿಯ ಹಳೇ ಮದ್ದು ಮಾಡಿದೆ. ಸೂಜಿಯ ತಲೆಯ ಮೇಲೆ ಭಾರಕ್ಕೆಂದು ಒಂದು ನಾಣ್ಯ ಅಂಟಿಸಿದೆ.

ಈ ಮಂಗಳವಾರ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತ, ಆ ಬೇಸನ್ನು ಬಾಯಲ್ಲೇ ನುಡಿಸಿ ತೋರಿಸಿದೆ.

"ಅಕ್ಕಾ, ಇದೀಯಾ?"

"ಎರಡನೇ ಟೇಕಾ?" ಎಂದಳು. ಪೆನ್ಸಿಲ್ ಬರಹದ ವಿಷಯ ನಾನು ಬಾಯಿ ಬಿಟ್ಟಿರಲಿಲ್ಲ.

ಅದು ಅವಳ ಬ್ಯಾಂಡು, ಹಾಡಿದ್ದು ಅವಳೇ. ಕಂಪನಿ ಮುಳುಗಿ ರೆಕಾರ್ಡ್ ಹೊರಗೆ ಬರಲೇ ಇಲ್ಲವಂತೆ. "ನಾನು ಹಾಡಿದ್ದು ಅಂತ ಈ ಭೂಮಿ ಮೇಲೆ ಇರೋದು ಅದೊಂದೇ ಕಣೋ. ಭಾನುವಾರ ಬರ್ತೀನಿ. ಜೋಪಾನ."

ಸ್ವಂತ ಅಕ್ಕನ ದನಿ ಗುರುತು ಸಿಗಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಖುಷಿಯೂ ಆಯಿತು. ಮರುದಿನವೇ ತಟ್ಟೆ ಹಿಡಿದು ಸೂಜಿಮಾಮನ ಹತ್ತಿರ ಓಡಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ನಡುವಿನ ತೂತಿನ ಅಂಚನ್ನು ಉಗುರಿನಿಂದ ಮುಟ್ಟಿದರು. ಅಲ್ಲಿ ಅಲ್ಯೂಮಿನಿಯಂ ಮಿನುಗುತ್ತಿತ್ತು.

"ಎಷ್ಟು ಸಲ ಹಾಕಿದೀಯಾ?"

"ನಲವತ್ತು ಆಗಿರಬಹುದು."

ಅವರು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. "ಇದು ವಿನೈಲ್ ಅಲ್ಲಯ್ಯ. ಅಲ್ಯೂಮಿನಿಯಂ ಮೇಲೆ ಮೆರುಗೆಣ್ಣೆ ಬಳಿದು ಗೀರಿರೋದು. ಸ್ಟುಡಿಯೋದವರು ಒಂದೆರಡು ಸಲ ಕೇಳಿ ನೋಡೋಕೆ ಅಂತ ಮಾಡ್ಕೊಳ್ತಿದ್ರು. ಬೆಣ್ಣೆ ಇದ್ದ ಹಾಗೆ. ಪ್ರತಿ ಸಲವೂ ಸೂಜಿ ಒಂದಿಷ್ಟು ಕೆರೆದು ಹಾಕುತ್ತೆ. ಮೊದಲು ಹೋಗೋದು ಮೇಲಿನ ಸ್ವರ. ಬೇಸ್ ಕೊನೇವರೆಗೂ ಇರುತ್ತೆ."

"ಹಾಡಿದೋರ ದನಿ?"

ಅವರು ಡ್ರಾಯರ್ ಎಳೆದು ಒಂದು ಪುಟ್ಟ ಡಬ್ಬಿ ತೆಗೆದರು. "ಹಗುರ ಸೂಜಿ ಕೊಡ್ತೀನಿ. ಇನ್ನು ಒಂದೇ ಒಂದು ಸಲ ಹಾಕು, ಹಾಕುವಾಗಲೇ ರೆಕಾರ್ಡ್ ಮಾಡ್ಕೋ. ಆಮೇಲೆ ಮುಟ್ಟಬೇಡ."

ನಾಣ್ಯದ ವಿಷಯ ಹೇಳುವ ಧೈರ್ಯ ನನಗೆ ಬರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣಬೇಕಾದವಳು ಅಕ್ಕ. ಆ ಒಂದು ಸಲ ಅವಳ ಎದುರಿಗೇ ಆಗಲಿ ಎಂದು ಉಳಿಸಿಕೊಂಡೆ.

ಅಕ್ಕ ಹತ್ತು ನಿಮಿಷ ಮುಂಚೆಯೇ ಬಂದಳು. ಮದುವೆಗೆ ಹೊರಟವಳ ಹಾಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಿದ್ದಳು. ಕೊಟ್ಟ ನೀರನ್ನು ಮುಟ್ಟಲಿಲ್ಲ.

"ಎರಡನೇ ಸಾಲಲ್ಲಿ ಒಂದು ಕಡೆ ತುಂಬಾ ಮೇಲಕ್ಕೆ ಹೋಗಬೇಕು," ಎಂದಳು. "ಮೊದಲನೇ ಟೇಕಲ್ಲಿ ಆ ಸ್ವರ ಸಿಗಲಿಲ್ಲ. ಎರಡನೇದ್ರಲ್ಲಿ ಸಿಕ್ತು. ಸಿಕ್ತು ಅಂತ ನನ್ನ ನೆನಪು. ಗಂಟಲು ಹೋದಾಗಿಂದ ಅದೇ ಯೋಚನೆ, ನಿಜವಾಗ್ಲೂ ಸಿಕ್ಕಿತ್ತಾ, ಇಲ್ಲ ನಾನೇ ಸಮಾಧಾನಕ್ಕೆ ಅಂದ್ಕೊಂಡಿದೀನಾ ಅಂತ." ಆಮೇಲೆ ನನ್ನ ಕಡೆ ತಿರುಗಿದಳು. "ತುಂಬಾ ಸಲ ಹಾಕಿಲ್ಲ ತಾನೇ?"

"ಎರಡು ಮೂರು ಸಲ," ಎಂದೆ.

ರೆಕಾರ್ಡ್ ಗುಂಡಿ ಒತ್ತಿ ಸೂಜಿ ಇಳಿಸಿದೆ. ಡ್ರಮ್ ನಾಲ್ಕು ಪೆಟ್ಟು ಕೊಟ್ಟಿತು. ಬೇಸ್ ಬಂತು, ಗಟ್ಟಿಯಾಗಿ, ಒಂದು ಚೂರೂ ಮುಕ್ಕಾಗದೆ. ಹಾಡು ಶುರುವಾಗಬೇಕಾದ ಕಡೆ ಹಿಟ್ಟು ಜರಡಿ ಹಿಡಿದ ಹಾಗೆ ಸರಸರ ಸದ್ದು. ಅದರ ಹಿಂದೆ ಎಲ್ಲೋ ಯಾರೋ ಇದ್ದ ಹಾಗಿತ್ತು, ಆದರೆ ಮಾತು ತಿಳಿಯುತ್ತಿರಲಿಲ್ಲ. ಅಕ್ಕನ ತುಟಿ ಆಡುತ್ತಿತ್ತು. ಎರಡನೇ ಸಾಲಿಗೆ ಅವಳು ಕಣ್ಣು ಮುಚ್ಚಿ ಕತ್ತು ನೇರ ಮಾಡಿದಳು. ಸರಸರ ಇನ್ನಷ್ಟು ಒರಟಾಯಿತು, ಆಮೇಲೆ ತಗ್ಗಿತು, ಅಷ್ಟೇ. ಮೂರು ನಿಮಿಷಕ್ಕೆ ಮುಗಿಯಿತು.

"ಹಳೇದಲ್ವಾ," ಎಂದಳು ಅಕ್ಕ. "ಹಾಳಾಗಿರುತ್ತೆ ಬಿಡು."

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಅದು ನುಂಗಲು ಆಗಲಿಲ್ಲ. "ಹಳೇದಾಗಿ ಹಾಳಾಗಿದ್ದಲ್ಲ ಅಕ್ಕ. ಸಿಕ್ಕಿದಾಗ ಚೆನ್ನಾಗೇ ಇತ್ತು. ನಾನು ನಲವತ್ತು ಸಲ ಹಾಕಿದೀನಿ. ಸೂಜಿ ಮೇಲೆ ನಾಣ್ಯ ಇಟ್ಟು."

ಅವಳು ಬೈಯುತ್ತಾಳೆಂದು ಕಾದೆ. ಅವಳು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು. ಮುಖದಲ್ಲಿ ಆಸೆ ಇತ್ತು. ಅದನ್ನು ನೋಡಲು ಬೈಗುಳಕ್ಕಿಂತ ಕಷ್ಟವಾಯಿತು.

"ಹಾಗಾದ್ರೆ ನೀನು ಕೇಳಿದೀಯ. ನಲವತ್ತು ಸಲ. ಸಿಕ್ಕಿತ್ತಾ ಆ ಸ್ವರ?"

"ಸಿಕ್ಕಿತ್ತು," ಎಂದೆ ತಟ್ಟನೆ. "ಅದ್ಭುತವಾಗಿತ್ತು."

"ಯಾವ ಪದಕ್ಕೆ ಮೇಲೆ ಹೋದೆ?"

ನಾನು ಬಾಯಿ ತೆರೆದೆ. ಬೇಸಿನ ಒಂದೊಂದು ಸ್ವರವೂ ನನ್ನೊಳಗಿತ್ತು. ಡ್ರಮ್ಮಿನವನು ಎಲ್ಲಿ ತಡೆದ, ಎಲ್ಲಿ ಬಿಟ್ಟ, ಎಲ್ಲ ಇತ್ತು. ಹಾಡಿನ ಒಂದು ಪದವೂ ಇರಲಿಲ್ಲ.

"ನಾನು ಬೇಸ್ ಕೇಳ್ತಿದ್ದೆ ಅಕ್ಕ."

ರೆಕಾರ್ಡ್ ಯಂತ್ರದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವಳೇ ಕೈ ಚಾಚಿ ಆರಿಸಿದಳು.

"ಇನ್ನೊಂದು ಸಲ ಹಾಕು," ಎಂದಳು. "ಈ ಸಲ ನನ್ನ ಕೇಳು."

ಸೂಜಿಮಾಮ ಮುಟ್ಟಬೇಡ ಎಂದಿದ್ದರು. ಅಕ್ಕ ತಟ್ಟೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಸೂಜಿಯನ್ನು ಎತ್ತಿ ಅಂಚಿಗೆ ತಂದೆ.