ಮೂರನೆಯ ಬೇಡ

ದಾರ್ಸೊನೊ ಮೂವತ್ತೊಂದು ವರ್ಷ ರೈಲ್ವೆ ಗೇಟು ಕಾಯ್ದವನು. ಜಾವಾದ ಕ್ಲಾತೆನ್ ಪೇಟೆಯ ಹೊರಗೆ, ಕಬ್ಬಿನ ಗದ್ದೆಗಳ ನಡುವೆ ಅವನ ಗೇಟು. ಹೊತ್ತಾದರೆ ಕೋಲು ಇಳಿಸುವುದು, ರೈಲು ದಾಟಿದರೆ ಎತ್ತುವುದು. ಐವತ್ತಾರಕ್ಕೆ ಅವನನ್ನು ನಿವೃತ್ತಿ ಮಾಡಿ, ಆ ಜಾಗದಲ್ಲಿ ತಾನೇ ಇಳಿದು ತಾನೇ ಏಳುವ ಗೇಟು ತಂದು ನೆಟ್ಟರು. ಬೀಳ್ಕೊಡುವಾಗ ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಹೊತ್ತು ನೋಡುವ ಕೆಲಸವೇ ಇಲ್ಲದವನಿಗೆ ಗಡಿಯಾರ ಕೊಡುವ ಬುದ್ಧಿ ಯಾವ ಮಹಾನುಭಾವನಿಗೆ ಬಂತೋ ತಿಳಿಯದು.

ಎಂಟು ತಿಂಗಳಾಯಿತು. ನಸುಕಿಗೇ ಎಚ್ಚರವಾಗುತ್ತದೆ. ನಮಾಜು ಮುಗಿಸಿ ಜಗಲಿಗೆ ಬಂದು ಕೂರುತ್ತಾನೆ, ಅಷ್ಟೇ. ದಾರಿಯಲ್ಲಿ ಹೋಗುವವರೆಲ್ಲ “ಈಗ ಆರಾಮಾ?” ಎಂದು ಕೇಳುತ್ತಾರೆ. “ಆರಾಮ, ಆರಾಮ” ಎಂದು ಹಲ್ಲು ಕಿರಿಯುತ್ತಾನೆ. ಒಳಗೊಳಗೇ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಹೆಂಡತಿ ವಿನಾರ್ತಿಗೆ ಉಸಿರಾಡಲು ಪುರುಸೊತ್ತಿಲ್ಲ. ಬಾಳೆಲೆಯಲ್ಲಿ ಅನ್ನ, ಖಾರದ ಚಟ್ನಿ, ಸೋಯಾ ಕಾಳು ಹುದುಗಿಸಿ ಕರಿದ ತೆಂಪೆ ಕಟ್ಟಿ ಬೆಳಿಗ್ಗೆ ಬೆಳಿಗ್ಗೆ ಮಾರುತ್ತಾಳೆ. ತಾನೂ ಕೈ ಹಾಕೋಣವೆಂದು ಅವನು ಒಂದು ದಿನ ಪೊಟ್ಟಣ ಕಟ್ಟಲು ಕೂತ. ಮೂರು ಎಲೆ ಹರಿದ. “ನೀವು ಸುಮ್ನೆ ಕೂತ್ಕೊಳ್ಳಿ, ಅದೇ ನನಗೆ ದೊಡ್ಡ ಸಹಾಯ” ಅಂದಳು. ಅವಳ ತಪ್ಪೇನಿಲ್ಲ, ಗಿರಾಕಿಗಳು ನಿಂತಿದ್ದರು. ಆದರೂ ಆ ಮಾತು ಅವನ ಎದೆಗೆ ನಾಟಿತು.

ತೆಂಪೆ ಕರಿಯುತ್ತಾ ಅವಳು ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ಭಾಷಣಗಳನ್ನು ಕೇಳುತ್ತಾಳೆ. ಕೋಟು ಹಾಕಿದ ಒಬ್ಬ ಮನುಷ್ಯ ವೇದಿಕೆಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡುತ್ತಾ, “ಏಳಿ! ನಿಮ್ಮ ಬದುಕಿನ ಗುರಿ ಏನು? ಕನ್ನಡಿ ಮುಂದೆ ನಿಂತು ಕೇಳಿಕೊಳ್ಳಿ!” ಎಂದು ಕಿರುಚುತ್ತಾನೆ. ಅವಳು ಬೇಕೆಂದೇ ದನಿ ಜೋರು ಮಾಡುತ್ತಾಳೆ.

“ಕೇಳಿಸ್ತಾ?” ಎಂದು ಒಳಗಿನಿಂದ ಕೂಗುತ್ತಾಳೆ.

“ಕೇಳಿಸ್ತು. ಟಿಕೆಟ್ ಮಾರೋದು ಅವನ ಗುರಿ. ನಾನೇನು ಮಾರ್ಲಿ? ಗಡಿಯಾರಾನಾ?”

ತನ್ನ ಗುರಿ ಏನೆಂದು ಕನ್ನಡಿಯನ್ನು ಕೇಳಬೇಕಾದ ಅಗತ್ಯ ದಾರ್ಸೊನೊಗೆ ಇರಲಿಲ್ಲ. ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಅವನು ಮದ್ದಳೆಯವನು. ಊರಿನ ಗಾಮೆಲಾನ್ ಮೇಳ ಇದ್ದ ಕಾಲದಲ್ಲಿ, ಕಂಚಿನ ಪಟ್ಟಿಗಳು, ತಾಳಗಳು, ಆಳೆತ್ತರದ ಚೌಕಟ್ಟಿಗೆ ತೂಗುಹಾಕಿದ ಜಾಗಟೆ ಮುಂದಿಟ್ಟು ಹದಿನೆಂಟು ಜನ ಕೂತರೆ, ಎಲ್ಲರನ್ನೂ ನಡೆಸುವುದು ಅವನ ಮದ್ದಳೆ. ಅವನು ಬಾಯಿ ಬಿಟ್ಟು ಒಂದು ಮಾತೂ ಆಡಬೇಕಿರಲಿಲ್ಲ. ಕೈ ನಿಧಾನವಾದರೆ ಮೇಳ ನಿಧಾನ, ಕೈ ಚುರುಕಾದರೆ ಮೇಳ ಚುರುಕು. ಗೇಟಿನಲ್ಲಿ ಮೂವತ್ತೊಂದು ವರ್ಷ ಯಾರೂ ಅವನ ಮುಖ ನೋಡಿದ್ದಿಲ್ಲ. ಮೇಳದಲ್ಲಿ ಮಾತ್ರ ಹದಿನೆಂಟು ಜನರ ಕಣ್ಣು ಅವನ ಕೈ ಮೇಲಿರುತ್ತಿತ್ತು. ಆಮೇಲೆ ಒಬ್ಬೊಬ್ಬರೇ ತೀರಿಕೊಂಡರು, ಮೇಳ ಮುರಿಯಿತು, ವಾದ್ಯಗಳನ್ನು ಅವನ ಮನೆಯ ಹಿಂದಿನ ಪ್ರೈಮರಿ ಶಾಲೆಯ ಸ್ಟೋರಿಗೆ ಸಾಗಿಸಿದರು. ಹನ್ನೊಂದು ವರ್ಷದಿಂದ ಅವು ಅಲ್ಲೇ ಬಿದ್ದಿವೆ.

ಆ ಶಾಲೆಗೆ ಹೊಸ ಹೆಡ್‌ಮೇಡಂ ಬಂದರು. ತಿಯುರ್ಮಾ ಎಂದು ಹೆಸರು. ಸುಮಾತ್ರಾ ದ್ವೀಪದ ಬತಾಕ್ ಜನಾಂಗದ ಹೆಂಗಸು. ಗಟ್ಟಿ ದನಿ, ಬೀಸು ನಡಿಗೆ. ಒಂದು ಸಂಜೆ ಆಕೆ ನೇರ ದಾರ್ಸೊನೊನ ಮನೆಗೇ ಬಂದರು. ವಿನಾರ್ತಿ ಸಿಹಿ ಚಹಾ ತಂದಿಟ್ಟಳು.

ನಮ್ಮ ಜಾವಾದ ಮರ್ಯಾದೆ ಎಲ್ಲರಿಗೂ ಗೊತ್ತಿದ್ದದ್ದೇ. ಚಹಾ ಇಟ್ಟರೆ ಮುಟ್ಟಬಾರದು. ಕುಡೀರಿ ಅಂದರೆ ನಗಬೇಕು. ಇನ್ನೊಮ್ಮೆ ಅಂದರೆ ಪರವಾಗಿಲ್ಲ ಅನ್ನಬೇಕು. ಮೂರನೇ ಸಲ ಅಂದಾಗ ಒಂದು ಗುಟುಕು. ಚಹಾಕ್ಕೇ ಇಷ್ಟು ಅಂದ ಮೇಲೆ ದೊಡ್ಡ ವಿಷಯಗಳಿಗೆ ಕೇಳಬೇಕೆ? ಮೊದಲನೆಯ ಬೇಡ ಸಂಕೋಚದ್ದು, ಎರಡನೆಯದು ಕೇಳುವವರ ಮನಸ್ಸು ನೋಡಲಿಕ್ಕೆ. ಮೂರನೆಯ ಸಲವೂ ಬೇಡ ಅಂದರೆ ಮಾತ್ರ ನಿಜವಾಗಿ ಬೇಡ. ಮೊದಲ ಸಲಕ್ಕೇ ಹೂಂ ಅನ್ನುವವನನ್ನು ಊರು ಆಸೆಬುರುಕ ಅನ್ನುತ್ತದೆ.

ಹೆಡ್‌ಮೇಡಂ ಲೋಟ ಇಟ್ಟ ಕೂಡಲೇ ಎತ್ತಿ ಅರ್ಧ ಕುಡಿದರು.

“ನೋಡಿ, ಸುತ್ತಿ ಬಳಸಿ ಮಾತಾಡೋದು ನನಗೆ ಬರಲ್ಲ. ನಮ್ ಸ್ಟೋರಲ್ಲಿ ಗಾಮೆಲಾನ್ ಧೂಳು ತಿಂತಾ ಬಿದ್ದಿದೆ. ಮಕ್ಕಳಿಗೆ ಕಲಿಸೋರು ಬೇಕು. ಮಂಗಳವಾರ, ಶುಕ್ರವಾರ, ಮಧ್ಯಾಹ್ನ ಮೂರಕ್ಕೆ. ಮದ್ದಳೆ ಅಂದ್ರೆ ನೀವೇ ಅಂತ ಎಲ್ರೂ ಹೇಳಿದ್ರು. ಬರ್ತೀರಾ?”

ಹನ್ನೊಂದು ವರ್ಷ ಕಾದದ್ದು ತಾನಾಗಿ ಬಾಗಿಲಿಗೆ ಬಂದಿದೆ. ದಾರ್ಸೊನೊಗೆ ಕುಣಿದಾಡುವಷ್ಟು ಸಂತೋಷವಾಯಿತು. ಆ ಸಂತೋಷದಲ್ಲೇ, ಕಲಿತ ಮರ್ಯಾದೆಗೆ ತಕ್ಕಂತೆ ತಲೆ ತಗ್ಗಿಸಿ ಅಂದ:

“ಅಯ್ಯೋ, ನಾನೇನು ಕಲಿಸ್ಲಿ ಮೇಡಂ. ಗೇಟು ಕಾಯೋನು. ಕೈಯೆಲ್ಲ ಜಡ್ಡು ಹಿಡಿದಿದೆ. ನನಗಿಂತ ಚೆನ್ನಾಗಿ ಬಾರಿಸೋರು ಎಷ್ಟು ಜನ ಇಲ್ಲ!”

ಅಂದು, ಎರಡನೆಯ ಕರೆಗೆ ಕಾದು ಕೂತ.

“ಹೌದಾ? ಸರಿ ಹಾಗಾದ್ರೆ, ನಾನು ಬಲವಂತ ಮಾಡಲ್ಲ. ಬೇರೆ ಯಾರಿದ್ದಾರೆ ಹೇಳಿ” ಎಂದರು ಹೆಡ್‌ಮೇಡಂ, ಪೆನ್ನು ತೆಗೆದು.

ದಾರ್ಸೊನೊ ಬೆಪ್ಪಾದ. ಕೇಳಿದ ಮೇಲೆ ಹೇಳದೆ ಇರುವುದು ಇನ್ನೂ ದೊಡ್ಡ ಅಮರ್ಯಾದೆ. “ಗಿಯಾಂತೊ ಅಂತ ಇದಾನೆ” ಎಂದಿತು ಬಾಯಿ, ಅವನ ಅಪ್ಪಣೆಯನ್ನೇ ಕೇಳದೆ. ನಂಬರನ್ನೂ ಹೇಳಿತು. ಹೆಡ್‌ಮೇಡಂ ಬರೆದುಕೊಂಡು, ಉಳಿದ ಚಹಾ ಮುಗಿಸಿ, “ಥ್ಯಾಂಕ್ಸ್” ಎಂದು ಎದ್ದು ಹೋದರು.

ಪರದೆಯ ಹಿಂದಿದ್ದ ವಿನಾರ್ತಿ ಹೊರಗೆ ಬಂದಳು. “ಕೊಟ್ರಾ? ಕೈಯಾರೆ ಎತ್ತಿ ಕೊಟ್ರಾ?”

“ಮತ್ತೆ ಬರ್ತಾರೆ ಕಣೆ. ಒಂದೇ ಸಲ ಕೇಳಿ ಯಾರಾದ್ರೂ ಬಿಟ್ಬಿಡ್ತಾರಾ?”

“ಅವ್ರು ಬತಾಕ್ ರೀ! ಬೇಡ ಅಂದ್ರೆ ಅವ್ರಿಗೆ ಬೇಡಾನೇ. ಚಹಾ ಇಟ್ಟ ತಕ್ಷಣ ಕುಡಿದ್ರಲ್ಲ, ಆಗಲೇ ಗೊತ್ತಾಗ್ಬಾರ್ದಿತ್ತಾ ನಿಮಗೆ?”

ನಾಲ್ಕು ದಿನ ಸಂಜೆಯಾದರೆ ಬಾತಿಕ್ ಅಂಗಿ ತೊಟ್ಟು, ತಲೆ ಬಾಚಿ ಜಗಲಿಯಲ್ಲಿ ಕೂತ. ಯಾರೂ ಬರಲಿಲ್ಲ. ಮಂಗಳವಾರ ಮೂರು ಗಂಟೆಗೆ ಹಿತ್ತಿಲಿನ ಗೋಡೆಯಾಚೆಯಿಂದ ಕಂಚಿನ ಸದ್ದು ಬಂತು. ಗಿಯಾಂತೊ ಬಂದಿದ್ದ.

ಗಿಯಾಂತೊ ದಾರ್ಸೊನೊನ ಕೈಯಲ್ಲೇ ಮದ್ದಳೆ ಕಲಿತವನು. ಈಗ ಮದುವೆಗಳಿಗೆ ಕೀಬೋರ್ಡು, ಹಾಡುವ ಹುಡುಗಿಯರನ್ನು ಕರೆದುಕೊಂಡು ಹೋಗಿ ಕಾರ್ಯಕ್ರಮ ಕೊಡುತ್ತಾನೆ. ನಾಲ್ಕು ಊರು ತಿರುಗಿದವನು, ಯಾರ ಹತ್ತಿರ ಯಾವ ಮಾತು ನಡೆಯುತ್ತದೆಂದು ಬಲ್ಲ. ಮೇಡಂ ಫೋನು ಮಾಡಿದಾಗ ಒಂದೇ ಉಸಿರಿಗೆ ಹೂಂ ಅಂದನಂತೆ.

ಕೆಟ್ಟವನೇನಲ್ಲ. ಆದರೆ ಅವನ ಕೈ ಮದುವೆ ಮನೆಯ ಕೈ. ಎಲ್ಲಕ್ಕೂ ಅವಸರ, ಎಲ್ಲಕ್ಕೂ ಕುಣಿತ. ಮಕ್ಕಳು ಅವನ ಹಿಂದೆ ಎದ್ದುಬಿದ್ದು ಓಡುತ್ತಿದ್ದವು. ಹದಿನಾರು ಎಣಿಕೆಯ ಆವರ್ತದ ಕೊನೆಯಲ್ಲಿ ಬರಬೇಕಾದ ಜಾಗಟೆ ಒಮ್ಮೆ ಮುಂಚೆ, ಒಮ್ಮೆ ತಡ, ಒಮ್ಮೆ ಇಲ್ಲವೇ ಇಲ್ಲ. ಗೋಡೆಯ ಈಚೆ ದಾರ್ಸೊನೊ ಬೆರಳಿನಲ್ಲಿ ಎಣಿಸುತ್ತಾ ಕೂತಿರುತ್ತಿದ್ದ. ಹದಿನಾಲ್ಕು, ಹದಿನೈದು... ಜಾಗಟೆ ಬೀಳುತ್ತಿರಲಿಲ್ಲ. ಎತ್ತಿದ ತುತ್ತನ್ನು ತಿರುಗಿ ಇಡುತ್ತಿದ್ದ. ತಟ್ಟೆ ತಳ್ಳಿ ಎದ್ದುಬಿಡುತ್ತಿದ್ದ.

“ಯಾರ್ ಮೇಲೆ ಸಿಟ್ಟು?” ಎಂದಳು ವಿನಾರ್ತಿ ಒಂದು ದಿನ. “ಅನ್ನದ ಮೇಲಾ?”

“ಆ ಹೆಂಗ್ಸಿನ ಮೇಲೆ. ಇನ್ನೊಂದು ಸಲ ಕೇಳಿದ್ರೆ ಗಂಟು ಹೋಗ್ತಿತ್ತಾ ಅವ್ರದು?”

“ಅವ್ರು ಒಂದು ಸಲ ಕೇಳಿದ್ರು. ನೀವು ಒಂದು ಸಲಾನಾದ್ರೂ ಬೇಕು ಅಂದ್ರಾ? ಹೋಗಿ, ಬಾಯ್ಬಿಟ್ಟು ಹೇಳಿ.”

“ಹಾಗೆಲ್ಲ ಹೇಳೋಕಾಗುತ್ತೇನೆ?”

“ಯಾಕಾಗಲ್ಲ? ಅನ್ನ ಬೇಕು ಅಂತ ನನ್ನ ಕೇಳ್ತೀರಲ್ಲ ದಿನಾ!”

ಮರುದಿನ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಶಾಲೆಗೆ ಹೋದ. ಹೆಡ್‌ಮೇಡಂ ಕೂರಿಸಿದರು. ಮಳೆ ಈ ವರ್ಷ ತಡವಾಯಿತೆಂದು ಹೇಳಿದ. ಶಾಲೆಯ ಹೆಂಚು ಹಳೆಯದಾಯಿತೆಂದು ಹೇಳಿದ. ನಿಮ್ಮ ಕಡೆ ಸರೋವರದ ಮೀನು ಬಹಳ ರುಚಿಯಂತಲ್ಲ ಎಂದು ಕೇಳಿದ. ಇಷ್ಟು ಹೇಳಿದ ಮೇಲೆ ನಮ್ಮವರಾದರೆ, ಈ ಮನುಷ್ಯ ಏನೋ ಕೇಳಲು ಬಂದಿದ್ದಾನೆಂದು ತಿಳಿದು ತಾವೇ ಮಾತು ತೆಗೆಯುತ್ತಿದ್ದರು. ಆಕೆ ಗೋಡೆಯ ಮೇಲಿನ ಗಡಿಯಾರ ನೋಡಿ, “ಮೀಟಿಂಗ್ ಇದೆ. ಬಂದ ವಿಷ್ಯ ಏನು?” ಎಂದರು.

“ಏನಿಲ್ಲ ಮೇಡಂ, ಹೀಗೇ.”

ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡು ಬಂದ. ಹೀಗೇ ಅಂತೆ! ಐವತ್ತಾರು ವರ್ಷ ಹೀಗೇ ಆಯಿತಲ್ಲ. ಗೇಟಿನ ಕೆಲಸ ಬೇಡವಾಗಿತ್ತು, ಮಾವ ಕೊಡಿಸಿದಾಗ ಬೇಡ ಅನ್ನಲಾಗಲಿಲ್ಲ. ಸೋಲೊ ನಗರದ ದೊಡ್ಡ ಮೇಳ ಒಮ್ಮೆ ಕರೆದಾಗ ಹೋಗಬೇಕೆಂದು ಪ್ರಾಣ ಬಿಡುತ್ತಿದ್ದ, ರಜೆ ಕೊಡಿ ಎಂದು ಮೇಲಿನವರನ್ನು ಕೇಳಲಾಗಲಿಲ್ಲ. ಬೇಡದ್ದಕ್ಕೆ ಹೂಂ, ಬೇಕಾದ್ದಕ್ಕೆ ಊಹೂಂ. ಎಂಥ ಮರ್ಯಾದಸ್ಥನೆಂದು ಊರೆಲ್ಲ ಹೊಗಳಿದ್ದಷ್ಟೇ ಗಿಟ್ಟಿದ್ದು. ಅವನಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಶುಕ್ರವಾರ ಮೂರೂವರೆಗೆ ಗೋಡೆಯಾಚೆ ಜಾಗಟೆ ಮತ್ತೆ ತಪ್ಪಿ ಬಿತ್ತು. ದಾರ್ಸೊನೊ ಉಟ್ಟ ಲುಂಗಿಯಲ್ಲೇ ಎದ್ದು ಹೊರಟ. “ಅಂಗಿ!” ಎಂದು ವಿನಾರ್ತಿ ಕೂಗಿದಳು. ಬನಿಯನ್ನಿನ ಮೇಲೆ ಅಂಗಿ ಏರಿಸಿಕೊಳ್ಳುತ್ತಲೇ ಶಾಲೆಯ ಗೇಟು ದಾಟಿದ.

ಹಜಾರದಲ್ಲಿ ಒಂಬತ್ತು ಮಕ್ಕಳು ಚಾಪೆಯ ಮೇಲೆ ವಾದ್ಯಗಳ ಮುಂದೆ ಕೂತಿದ್ದವು. ನಡುವೆ ಗಿಯಾಂತೊ, ಮಡಿಲ ಮೇಲೆ ಮದ್ದಳೆ. ಬಾಗಿಲ ಹತ್ತಿರದ ಮೇಜಿನಲ್ಲಿ ಹೆಡ್‌ಮೇಡಂ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ದಾರ್ಸೊನೊನನ್ನು ಕಂಡದ್ದೇ ಗಿಯಾಂತೊ ಮದ್ದಳೆ ಕೆಳಗಿಟ್ಟು ದಡಬಡಿಸಿ ಎದ್ದ, ನಡು ಬಾಗಿಸಿ ಎರಡೂ ಕೈ ಚಾಚಿದ.

“ಬನ್ನಿ ಅಣ್ಣಾ, ಬನ್ನಿ! ನೀವೇ ಕೂತ್ಕೊಳ್ಳಿ. ಕಲಿಸಿದ ಗುರು ನಿಂತಿರೋವಾಗ ನಾನು ಮದ್ದಳೆ ಮುಂದೆ ಕೂತ್ಕೊಳ್ಳೋದಾ?”

ಇದಕ್ಕೆ ಕೊಡಬೇಕಾದ ಉತ್ತರ ನಮ್ಮಲ್ಲಿ ಕೂಸಿಗೂ ಗೊತ್ತು. ಬೇಡಪ್ಪಾ, ನೀನೇ ಕೂತ್ಕೋ, ನಾನು ನೋಡಿ ಹೋಗೋಣ ಅಂತ ಬಂದೆ. ಮಾತು ನಾಲಿಗೆಯ ತುದಿವರೆಗೆ ಬಂದೂ ಬಂತು.

“ಸರಿ” ಎಂದ ದಾರ್ಸೊನೊ. ಹೋಗಿ ಕೂತುಬಿಟ್ಟ.

ಗಿಯಾಂತೊನ ಕೈ ಚಾಚಿದಂತೆಯೇ ಇತ್ತು. ಎರಡನೆಯ ಸಲ ಒತ್ತಾಯ ಮಾಡಲು ತೆರೆದ ಬಾಯಿ ತೆರೆದೇ ಇತ್ತು. ಮುಖದ ಮೇಲಿನ ನಗೆ ಉಳಿದಿತ್ತು, ಆದರೆ ಅದರಲ್ಲಿ ಏನೂ ಇರಲಿಲ್ಲ. ದಾರ್ಸೊನೊ ಮದ್ದಳೆಯನ್ನು ಮಡಿಲಿಗೆಳೆದುಕೊಂಡ. ಬಾರುಗಳು ಹೊಸವು. ಎರಡೂ ಮುಖಗಳನ್ನು ಯಾರೋ ಗಂಟೆಗಟ್ಟಲೆ ಕೂತು ಬಿಗಿದು ಹದಕ್ಕೆ ತಂದಿದ್ದರು. ಹಾಗಾದರೆ ಇವನಿಗೂ ಈ ಕೆಲಸ ಹಿಡಿಸಿತ್ತು.

“ಅರೆ!” ಎಂದರು ಹೆಡ್‌ಮೇಡಂ. “ನಿಮಗಾಗಲ್ಲ ಅಂದಿದ್ರಲ್ಲ?”

“ಸುಳ್ಳು ಹೇಳಿದ್ದೆ ಮೇಡಂ. ನನಗೆ ಬೇಕು. ಅವತ್ತೂ ಬೇಕಾಗಿತ್ತು.”

ಅವನ ಕಿವಿ ಸುಟ್ಟಂತೆ ಬಿಸಿಯಾಯಿತು. ಮಕ್ಕಳೆಲ್ಲ ಗಿಯಾಂತೊನನ್ನೂ ಇವನನ್ನೂ ತಿರುಗಿ ತಿರುಗಿ ನೋಡಿದವು.

“ಗಿಯಾಂತೊ, ನೀನೂ ಇರು” ಎಂದ ದಾರ್ಸೊನೊ. “ಮಕ್ಕಳ ಪಕ್ಕ ಕೂತು ಕೈ ತಿದ್ದು. ಇಬ್ರೂ ಸೇರಿ ಕಲಿಸೋಣ.”

“ಬೇಡ ಅಣ್ಣಾ. ನೀವು ಬಂದ ಮೇಲೆ ನಾನ್ಯಾಕೆ?”

“ಸರಿ ಹಾಗಾದ್ರೆ...” ಎಂದು ಶುರು ಮಾಡಿದ ಹೆಡ್‌ಮೇಡಂ ಅವರನ್ನು ದಾರ್ಸೊನೊ ಕೈಯೆತ್ತಿ ತಡೆದ.

“ಬಾಯಿಮಾತಿಗೆ ಕರೀತಿಲ್ಲ ಕಣೋ. ನಿಜವಾಗ್ಲೂ ಇರು.”

“ಬೇಡ ಅಣ್ಣಾ. ಮದುವೆಗಳು ಬೇರೆ ಶುರುವಾದ್ವು.”

“ಗಿಯಾಂತೊ, ನೀನಿಲ್ದೆ ನನ್ನ ಕೈಲಾಗಲ್ಲ.”

ಗಿಯಾಂತೊ ಅವನ ಮುಖವನ್ನೇ ನೋಡಿದ.

“ಬೇಡ” ಎಂದ. ಈ ಸಲ ಅಣ್ಣಾ ಅನ್ನಲಿಲ್ಲ.

ಹೊಸಿಲಲ್ಲಿ ಚಪ್ಪಲಿ ಮೆಟ್ಟಿದ ಸದ್ದು, ಆಮೇಲೆ ಸ್ಕೂಟರಿನ ಸದ್ದು. “ಏನಾಯ್ತು ಈಗ?” ಎಂದು ಹೆಡ್‌ಮೇಡಂ ಕೇಳಿದರು. ಕತ್ತಲಾಗುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ದಾರ್ಸೊನೊ, ಅಷ್ಟು ಮರ್ಯಾದಸ್ಥ, ಶಿಷ್ಯನ ಜಾಗ ಕಿತ್ತುಕೊಂಡ ಅನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಎದ್ದು ಓಡಿದರೆ ಗಿಯಾಂತೊ ತಿರುವಿನಲ್ಲಿ ಸಿಗುತ್ತಿದ್ದ. ಕೈ ಹಿಡಿದು ಕರೆತರಬಹುದಿತ್ತು. ಆದರೆ ಕರೆತರಬೇಕಾದರೆ ಮದ್ದಳೆ ಅವನಿಗೇ ಕೊಡಬೇಕು. ಅಷ್ಟು ಒಳ್ಳೆಯವನಾಗಿರುವುದು ಇನ್ನು ತನ್ನಿಂದಾಗದೆಂದು ದಾರ್ಸೊನೊಗೆ ತಿಳಿದುಹೋಯಿತು. ಕಾಲು ಎರಡು ಸಲ ಏಳಲು ನೋಡಿತು. ಅವನು ಏಳಗೊಡಲಿಲ್ಲ.

“ಮೊದಲಿಂದ ಹಿಡೀರಿ” ಎಂದ ಮಕ್ಕಳಿಗೆ. “ನಿಧಾನ. ನನ್ನ ಕೈ ನೋಡ್ಕೊಂಡು.”