ಪಾದ ಮುಟ್ಟಿದ ಪಿಟೀಲು

ನಾನು ಒಂದು ಪಿಟೀಲು. ಹುಟ್ಟಿದ್ದು ಫ್ರಾನ್ಸಿನ ಮಿರ್ಕೂರ್ ಎಂಬ ಊರಿನಲ್ಲಿ. ಚನ್ನಪಟ್ಟಣಕ್ಕೆ ಬೊಂಬೆ ಹೇಗೋ ಆ ಊರಿಗೆ ಪಿಟೀಲು ಹಾಗೆ.

ಮೊದಲು ನನ್ನನ್ನು ಕೊಂಡವನು ಅನತೋಲ್. ಭಾನುವಾರದ ಕುಣಿತಗಳಿಗೆ ನುಡಿಸುತ್ತಿದ್ದ. ಅವನ ಗದ್ದ ತಾಗಿ ತಾಗಿ ನನ್ನ ಮೈಯ ಮೆರುಗು ಒಂದು ಕಡೆ ಸವೆಯಿತು. ಮುಂದೆ ಅದೇ ಗುರುತಿನ ಮೇಲೆ ಅವನ ಮೊಮ್ಮಗ ರೆಮಿ ಗದ್ದವಿಟ್ಟ.

ರೆಮಿ ಶಾಲೆಯಲ್ಲಿ ಕಲಿತದ್ದು ಬರೆದಿಟ್ಟ ಸಂಗೀತ. ಒಂದು ದಿನ ರೆಕಾರ್ಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ. ಊದುವವನು ಉಸಿರೆಳೆದುಕೊಳ್ಳುವ ಸದ್ದೂ ಕೇಳಿಸುತ್ತಿತ್ತು. ನನ್ನಲ್ಲೂ ಆ ಉಸಿರು ಬರಬೇಕೆಂದು ಹಟ ಹಿಡಿದ. ಪ್ಯಾರಿಸ್ಸಿನ ನೆಲಮಾಳಿಗೆಗಳಲ್ಲಿ ಇಪ್ಪತ್ತು ವರ್ಷ ಜಾಝ್ ನುಡಿಸಿದ. ಹೆಸರು ಬಂತು. ಉಸಿರು ಬರಲಿಲ್ಲ.

ಆಮೇಲೆ ಅವನ ಕತ್ತಿನ ಮೂಳೆ ಸವೆಯಿತು. ಗದ್ದದಡಿ ಪಿಟೀಲು ಇನ್ನು ಬೇಡ ಎಂದರು ವೈದ್ಯರು. ಎರಡು ವರ್ಷ ನಾನು ಪೆಟ್ಟಿಗೆಯಲ್ಲಿದ್ದೆ. ಮಾರಲಾರ, ತೆರೆಯಲಾರ.

ಎಣ್ಣೆಯ ಚಿಕಿತ್ಸೆಗೆಂದು ಮೈಸೂರಿಗೆ ಬಂದಾಗ ಪೆಟ್ಟಿಗೆಯನ್ನೂ ತಂದ. ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯೊಡತಿ ಸೀತಾಲಕ್ಷ್ಮಮ್ಮನವರ ಪಿಟೀಲು ಪಾಠ. ಸಂಜೆ ಅವರ ಯಜಮಾನರು ನಂಜುಂಡಯ್ಯನವರ ಕಾವ್ಯವಾಚನ. ರೆಮಿ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ.

"ಏನಪ್ಪಾ, ಆ ಪೆಟ್ಟಿಗೆಗೆ ಹೂವಿಡೋದೊಂದು ಬಾಕಿ. ನುಡಿಸಲ್ವಾ?" ಎಂದರು ಆಕೆ ಒಂದು ದಿನ.

ರೆಮಿಗೆ ಅಷ್ಟರಲ್ಲಿ ಚೂರುಪಾರು ಕನ್ನಡ ಬಂದಿತ್ತು. "ಕತ್ತು ಆಗಲ್ಲ, ಅಮ್ಮ."

"ಕತ್ತನ್ನ ಯಾರು ಕೇಳಿದ್ರು? ಕಾಲಿದೆಯಲ್ಲ. ಕೂತ್ಕೊ."

ಚಾಪೆಯ ಮೇಲೆ ಕೂರಿಸಿ, ನನ್ನ ಬುಡವನ್ನು ಅವನ ಎದೆಗೊತ್ತಿ, ತುದಿಯನ್ನು ಬಲಪಾದದ ಮೇಲಿರಿಸಿದರು. ಅಷ್ಟು ವರ್ಷ ತಲೆಯೆತ್ತಿಕೊಂಡೇ ಇದ್ದವನು ನಾನು, ಅಂದು ಮೊದಲ ಸಲ ಒಂದು ಪಾದ ಮುಟ್ಟಿದೆ. ತಂತಿಯ ಮೇಲೆ ಜಾರಲೆಂದು ಬೆರಳಿಗೆ ಕೊಬ್ಬರಿಎಣ್ಣೆ ಹಚ್ಚಹೋದರೆ ರೆಮಿ ಕೈ ಎಳೆದುಕೊಂಡ. ಅವನ ಊರಲ್ಲಿ ತಂತಿಗೆ ಬೆವರು ತಾಗಿದರೂ ಒರೆಸುತ್ತಾರೆ.

"ಹೆದರಬೇಡ, ಇದರ ಮೇಲೆ ದೋಸೆ ಹುಯ್ಯಲ್ಲ" ಎಂದರು ಆಕೆ.

ಎಂಟು ತಿಂಗಳಾದ ಮೇಲೆ ವಾಚನದ ಪಕ್ಕದಲ್ಲಿ ಕೂತು ನುಡಿಸುವಷ್ಟಾದ. ಅಂದು ಕಾಡಿಗೆ ಹೊರಟ ಮಗನನ್ನು ತಾಯಿ ಬೀಳ್ಕೊಡುವ ಪದ್ಯ. ನಂಜುಂಡಯ್ಯನವರು ಒಂದು ಮಾತಿನ ಬಳಿ ಓದು ನಿಲ್ಲಿಸಿದರು. ಖಾಲಿ ಸಿಕ್ಕಿತೆಂದು ರೆಮಿ, ಜಾಝಿನ ಅಭ್ಯಾಸದಂತೆ, ಸ್ವರಗಳನ್ನು ಸುರಿದ.

ನಂಜುಂಡಯ್ಯನವರು ಅವನ ಮೊಣಕಾಲಿನ ಮೇಲೆ ಕೈಯಿಟ್ಟರು. "ತಡಿಯಪ್ಪ. ಅವಳಿನ್ನೂ ಅಳ್ತಿದಾಳೆ. ಅತ್ತು ಮುಗಿಸ್ಲಿ."

ರೆಮಿ ಕಾದ. ಬಹಳ ಹೊತ್ತು ಕಾದು ಒಂದೇ ಒಂದು ಕಮಾನು ಎಳೆದ. ಇಪ್ಪತ್ತು ವರ್ಷ ನನ್ನಲ್ಲಿ ಹುಡುಕಿದ ಉಸಿರು ಆಗ ಬಂತು.

ಪ್ಯಾರಿಸ್ಸಿಗೆ ಹಿಂತಿರುಗಿ ವೇದಿಕೆಯ ಮೇಲೆ ಚಾಪೆ ಹಾಸಿದಾಗ ಕೆಲವರು ನಕ್ಕರು. ಅವನು ಅವರ ನಗುವೂ ಮುಗಿಯಲೆಂದು ಕಾದು, ಆಮೇಲೆ ನುಡಿಸಿದ. ಹಾಗೆ ಒಂಬತ್ತು ವರ್ಷ.

ಅವನು ತೀರಿಕೊಂಡ ಮೇಲೆ, ಅವನ ಮಾತಿನಂತೆ, ಹೆಂಡತಿ ನನ್ನನ್ನು ಮೈಸೂರಿನ ಈ ಮನೆಗೆ ತಲುಪಿಸಿದಳು. ದೇವರ ಕೋಣೆಯ ಮಗ್ಗುಲಲ್ಲಿದ್ದೇನೆ. ಸೀತಾಲಕ್ಷ್ಮಮ್ಮನವರ ಬೆರಳು ಈಗ ಬಾಗದು. ಧೂಳು ಒರೆಸುವಾಗ ಗದ್ದದ ಗುರುತನ್ನೊಮ್ಮೆ, ತುದಿಯಲ್ಲಿ ಪಾದ ತಾಗಿ ಸವೆದದ್ದನ್ನೊಮ್ಮೆ ಸವರುತ್ತಾರೆ.

ನಂಜುಂಡಯ್ಯನವರ ದನಿ ಕುಗ್ಗಿದೆ. ಆದರೂ ಸಂಜೆ ಓದುತ್ತಾರೆ. ತಾಯಿ ಅಳುವ ಆ ಜಾಗ ಬಂದಾಗ ನಿಲ್ಲಿಸಿ, ನನ್ನ ಕಡೆ ತಿರುಗಿ, ಒಂದು ಕಮಾನು ಎಳೆಯುವಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ಮುಂದಿನ ಪದ್ಯ.