ನಲವತ್ತೇಳನೇ ನಂಬರಿನ ಹಾವಿನ ಹುಡುಗಿ

ರಾಜ್ಯ ಮಟ್ಟದ ವಸ್ತುಪ್ರದರ್ಶನದಲ್ಲಿ ಹಾವಿನ ಹುಡುಗಿಯಾಗಿ ಕೂರುತ್ತಿದ್ದವಳಿಗೆ ನಲವತ್ತೆರಡು ವರ್ಷ. ಅವಳನ್ನು ಹುಡುಗಿ ಎಂದು ಕರೆಯುವ ಧೈರ್ಯ ಗಂಡನ ಮೈಕಿಗೆ ಮಾತ್ರ ಇತ್ತು. ತಗಡಿನ ಮಳಿಗೆಯೊಳಗೆ ಒಂದು ಮೇಜು, ಅದರ ಕೆಳಗೆ ಓರೆಯಾಗಿ ನಿಲ್ಲಿಸಿದ ಎರಡು ಕನ್ನಡಿ, ಮೇಜಿನ ನಡುವೆ ತಲೆ ತೂರುವಷ್ಟು ತೂತು. ಕನ್ನಡಿಗಳ ಹಿಂದೆ ಅವಳು ಮಂಡಿ ಮಡಚಿ ಕೂತು ತಲೆಯನ್ನು ಮೇಲಕ್ಕೆ ತೂರಿಸಿದರೆ, ಗಂಡ ಹತ್ತಿ ತುಂಬಿದ ರೆಕ್ಸಿನ್ ಹಾವನ್ನು ಕುತ್ತಿಗೆಯ ಬುಡಕ್ಕೆ ಸಿಕ್ಕಿಸಿ ಮೇಜಿನ ತುಂಬ ಸುರುಳಿ ಸುತ್ತುತ್ತಿದ್ದ. ನೋಡುವವರ ಕಣ್ಣಿಗೆ ಮೇಜಿನ ಕೆಳಗೆ ಖಾಲಿ, ಮೇಲೆ ಹಾವಿನ ಮೈಗೆ ಹೆಣ್ಣಿನ ತಲೆ.

ಜನ ಸುಮ್ಮನೆ ನೋಡಿಕೊಂಡು ಹೋಗುತ್ತಿರಲಿಲ್ಲ, ಮಾತಾಡಿಸುತ್ತಿದ್ದರು.

“ಊಟಕ್ಕೆ ಏನ್ ತಿಂತೀಯಮ್ಮ?”

“ಇಲಿ. ಉಪ್ಪು ಕಮ್ಮಿ ಹಾಕ್ಕೊಂಡು. ಬಿ.ಪಿ. ಇದೆ.”

“ಮದುವೆ ಆಗಿದ್ಯಾ?”

“ಆಗಿದೆ. ಆಮೇಲೇ ಹೀಗಾಗಿದ್ದು.”

ಒಳಗೆ ಜನ ಬಿದ್ದು ಬಿದ್ದು ನಗುತ್ತಿದ್ದರೆ ಹೊರಗೆ ಗಂಡನ ಮುಖ ಹುಳ್ಳಗಾಗುತ್ತಿತ್ತು. ಆದರೆ ಸಾಲು ಮಾತ್ರ ಬೆಳೆಯುತ್ತಲೇ ಇತ್ತು.

ಎದುರಿಗಿದ್ದ ಕಲಾ ಮಂಟಪದಲ್ಲಿ ಸಾಲೂ ಇಲ್ಲ, ಸದ್ದೂ ಇಲ್ಲ. ಒಳಗೆ ಏ.ಸಿ., ಗೋಡೆಯ ತುಂಬ ಚಿತ್ರಗಳು, ಅಲಾರಂ ಗಡಿಯಾರ ತುಂಬಿದ ಒಂದು ಸ್ನಾನದ ತೊಟ್ಟಿ. ಮೂರು ದಿನದಲ್ಲಿ ಬಂದವರು ಒಂದೋ ಸೆಕೆ ತಡೆಯದವರು, ಇಲ್ಲ ಶೌಚಾಲಯ ಎಲ್ಲಿದೆ ಎಂದು ಕೇಳುವವರು. ಐದನೇ ದಿನ ಮಂತ್ರಿಗಳು ಬರುವವರಿದ್ದರು. ಮಂಟಪದ ನಿರ್ದೇಶಕರಿಗೆ ಕೈಕಾಲು ಆಡಲಿಲ್ಲ; ಸೀದಾ ರಸ್ತೆ ದಾಟಿ ತಗಡಿನ ಮಳಿಗೆಗೆ ಬಂದರು.

“ನೀವು ಇಲ್ಲಿ ಏನು ಮಾಡ್ತಿದ್ದೀರಿ ಅಂತ ನಿಮಗೆ ಗೊತ್ತಾ?” ಎಂದು ಗಂಡನನ್ನು ಕೇಳಿದರು.

“ಪರ್ಮಿಷನ್ ಇದೆ ಸಾರ್.”

“ಅದಲ್ಲಪ್ಪಾ. ಇದು ಕಲೆ!”

ಗಂಡ ಬೆವೆತುಹೋದ. “ಇನ್ಮೇಲೆ ಮಾಡಲ್ಲ ಸಾರ್, ತಪ್ಪಾಯ್ತು.”

ಮರುದಿನ ಬೆಳಿಗ್ಗೆ ಮೇಜು, ಕನ್ನಡಿ, ಹಾವು, ಹೆಂಡತಿ ಎಲ್ಲವೂ ಕಲಾ ಮಂಟಪಕ್ಕೆ ಸಾಗಿದವು. ಪಕ್ಕದಲ್ಲೊಂದು ಫಲಕ: ‘ಅಸ್ತಿತ್ವದ ಸುರುಳಿ. ಪರಿಕಲ್ಪನೆ: ನಿರ್ದೇಶಕರು. ಮುಟ್ಟಬಾರದು, ಮಾತಾಡಿಸಬಾರದು.’ ಮೊದಲ ಷರತ್ತಿಗೆ ಅವಳ ತಕರಾರಿರಲಿಲ್ಲ. ಎರಡನೆಯದು ಪ್ರಾಣ ಹಿಂಡಿತು. ನಿನ್ನೆ ಅವಳೊಡನೆ ಹರಟಿದ ಜನವೇ ಇಂದು ಕೈಕಟ್ಟಿ ನಿಂತು, ಸಾವಿನ ಮನೆಗೆ ಬಂದವರಂತೆ ಮುಖ ಮಾಡಿಕೊಂಡು ಹೋಗುತ್ತಿದ್ದರು. ದಪ್ಪ ಮಣಿಸರದ ವಿಮರ್ಶಕಿಯೊಬ್ಬರು ಅರ್ಧ ಗಂಟೆ ಎದುರಿಗೆ ಕೂತು, ಕೊನೆಗೆ ಮೆಲ್ಲಗೆ, “ಏನು ಅನ್ನಿಸ್ತಿದೆ ನಿಮಗೆ?” ಎಂದರು.

“ಮಂಡಿ ಹಿಡ್ಕೊಂಡಿದೆ ಮೇಡಂ.”

ವಿಮರ್ಶಕಿ ಕಣ್ಣೊರೆಸಿಕೊಂಡು, ‘ಮಂಡಿಯೂರಿದ ನಾಗರಿಕತೆಯ ನರಳಾಟ’ ಎಂದು ಬರೆದುಕೊಂಡರು.

ಸಂಜೆ ಆರಕ್ಕೆ ಬಾಗಿಲು ಹಾಕುವ ಹೊತ್ತು. ಅವಳು ಹಾವನ್ನು ಮೇಜಿನ ಮೇಲೇ ಬಿಟ್ಟು, ಚಪ್ಪಲಿ ಮೆಟ್ಟಿ, ಗಂಡನ ಹಿಂದೆ ಹೊರಟಳು. ಗೇಟಿನ ಕಾವಲುಗಾರ ಗಂಡನನ್ನು ಬಿಟ್ಟ, ಅವಳಿಗೆ ಕೈ ಅಡ್ಡ ಹಿಡಿದ.

“ನೀವು ಹೋಗೋ ಹಾಗಿಲ್ಲಮ್ಮ. ನೀವು ನಲವತ್ತೇಳನೇ ನಂಬರು.”

“ಏನಂದ್ರಿ?”

“ಪ್ರದರ್ಶನದ ವಸ್ತು ಹೊರಗೆ ಹೋಗ್ಬೇಕಾದ್ರೆ ಮೂರು ಪ್ರತಿ ಅರ್ಜಿ, ನಿರ್ದೇಶಕರ ಸಹಿ. ಸಾಹೇಬ್ರು ಮಂತ್ರಿಗಳ ಬಂಗಲೆಗೆ ಹೋಗಿದ್ದಾರೆ.”

“ಅಯ್ಯೋ, ಮನೇಲಿ ಅತ್ತೆ ಒಬ್ಬರೇ ಇದ್ದಾರಪ್ಪ. ಅಡುಗೆ ಆಗ್ಬೇಕು.”

“ತಪ್ಪು ತಿಳ್ಕೋಬೇಡಿ. ಹೋದ ವರ್ಷ ಒಂದು ಮಣ್ಣಿನ ಕೋಳಿ ಕಾಣೆಯಾಗಿ ನನ್ನ ಬಡ್ತಿಗೇ ಕಲ್ಲು ಬಿತ್ತು.”

ಗೇಟಿನಾಚೆ ನಿಂತ ಗಂಡ ಕೈ ಮುಗಿದ, ಗದರಿದ, ಮತ್ತೆ ಕೈ ಮುಗಿದ. ಕಾವಲುಗಾರ ಜಗ್ಗಲಿಲ್ಲ. ಅವಳು ಅವನ ಕುರ್ಚಿಯಲ್ಲೇ ಕೂತು ಮಂಡಿ ತಿಕ್ಕಿಕೊಂಡಳು. ಒಂದು ಇಡೀ ದಿನ ನುಂಗಿಟ್ಟುಕೊಂಡಿದ್ದ ಮಾತೆಲ್ಲ ಒಮ್ಮೆಲೇ ಬಾಯಿಗೆ ಬಂತು.

“ನಿಮ್ಮ ಪಟ್ಟೀಲಿ ಏನಂತ ಬರೆದಿದೆ, ಸರಿಯಾಗಿ ಓದಣ್ಣ.”

“ಹಾವಿನ ದೇಹವುಳ್ಳ ಹೆಣ್ಣು, ಒಂದು.”

“ನನಗೆ ಹಾವಿನ ದೇಹ ಇದ್ಯಾ?”

ಕಾವಲುಗಾರ ಅವಳನ್ನು ತಲೆಯಿಂದ ಬಾತ ಪಾದದವರೆಗೆ ನೋಡಿದ. “ಇಲ್ಲ.”

“ಹಂಗಾದ್ರೆ ಅದು ನಾನಲ್ಲ. ದಾರಿ ಬಿಡಿ.”

ಕಾನೂನಿನ ಮಾತಿಗೆ ಕಾವಲುಗಾರ ತಲೆಬಾಗಿದ. ಆದರೆ ಕರ್ತವ್ಯ ಬಿಡುವವನಲ್ಲ. ಒಳಗೆ ಹೋಗಿ ಪರಿಶೀಲಿಸಿ, ‘ನಂಬರ್ ೪೭: ಅರ್ಧ ಇದೆ. ಉಳಿದರ್ಧ ನಾಪತ್ತೆ’ ಎಂದು ದಾಖಲಿಸಿದ.

ಮರುದಿನ ಅವಳು ಆ ಕಡೆ ತಲೆ ಹಾಕಲಿಲ್ಲ. ಮಂತ್ರಿಗಳ ಜೊತೆ ಒಳಗೆ ಬಂದ ನಿರ್ದೇಶಕರಿಗೆ ಕಂಡದ್ದು ಖಾಲಿ ತೂತು ಮತ್ತು ಅದರ ಸುತ್ತ ಬಿದ್ದಿದ್ದ ಹಾವು. ಅವರು ಮಂತ್ರಿಗಳನ್ನು ಪಕ್ಕದ ಚಿತ್ರದ ಕಡೆಗೆ ತಿರುಗಿಸಲು ಹೊರಟರು. ಅಷ್ಟರಲ್ಲಿ ವಿಮರ್ಶಕಿ ಉದ್ಗರಿಸಿದರು:

“ತಲೆಯನ್ನೇ ತೆಗೆದುಬಿಟ್ಟಿರಾ! ಎಂಥಾ ಧೈರ್ಯ!”

ಮಂತ್ರಿಗಳು ತೂತಿನೊಳಗೆ ಬಗ್ಗಿ ನೋಡಿ, “ತುಂಬಾ ಆಳವಾಗಿದೆ” ಎಂದರು. ಮೊದಲ ಬಹುಮಾನ ನಿರ್ದೇಶಕರ ಪಾಲಾಯಿತು. ಹಾವು ಸರ್ಕಾರದ ಸ್ವತ್ತಾಯಿತು. ಆದರೆ ಕಾವಲುಗಾರನ ದಾಖಲೆಯನ್ನು ಅಳಿಸುವಂತಿರಲಿಲ್ಲ. ಕಾಣೆಯಾದ ಅರ್ಧವನ್ನು ಹುಡುಕಲು ಮೂವರ ಸಮಿತಿ ನೇಮಕವಾಯಿತು.

ಇತ್ತ ತಗಡಿನ ಮಳಿಗೆಯಲ್ಲಿ ಗಂಡ ತಲೆ ಮೇಲೆ ಕೈ ಹೊತ್ತು ಕೂತಿದ್ದ. “ಹಾವು ಹೋಯ್ತಲ್ಲೇ, ಇನ್ನೇನು ತೋರಿಸೋದು?”

“ಬಾಯಿ ಮುಚ್ಕೊಂಡು ಆ ನೀಲಿ ಪರದೆ ಬಿಚ್ಚಿ ಕೊಡಿ” ಎಂದಳು ಅವಳು. ಮದುವೆಗೆ ಮುಂಚೆ ಟೈಲರ್ ಅಂಗಡಿಯಲ್ಲಿ ದುಡಿದ ಕೈ. ಮಧ್ಯಾಹ್ನದೊಳಗೆ ಪರದೆಗೆ ಹುರುಪೆ ಮೂಡಿತು, ಬಾಲ ಬಂತು. ಈ ಸಲ ಮಂಡಿ ಮಡಚುವ ಗೋಜಿಲ್ಲ; ಕಾಲು ನೀಡಿ, ದಿಂಬಿಗೆ ಒರಗಿ, ರಾಣಿಯಂತೆ ಕೂತಳು. ಹೊರಗೆ ಗಂಡನ ಮೈಕು “ಮತ್ಸ್ಯಕನ್ಯೆ! ಸಮುದ್ರದಿಂದ ಈಗ ತಾನೇ ಬಂದಿದ್ದಾಳೆ!” ಎಂದು ಕೂಗಿತು.

ಮೂರನೆಯ ಸರದಿಯ ಜನರೊಂದಿಗೆ ಸಮಿತಿಯೂ ಒಳಗೆ ಬಂತು. ಹಿರಿಯ ಸದಸ್ಯರು ಫೈಲು ತೆರೆದು ಗಂಭೀರವಾಗಿ ಕೇಳಿದರು: “ಹಾವಿನ ಹುಡುಗಿಯನ್ನ ಎಲ್ಲಾದ್ರೂ ನೋಡಿದ್ರಾ?”

“ಇಲ್ಲ ಸ್ವಾಮಿ. ನಮ್ಮ ಕಡೆ ನೀರಿಗೆ ಬಂದಿಲ್ಲ.”

ಸದಸ್ಯರು ಅದನ್ನು ಹಾಗೇ ಬರೆದುಕೊಂಡು, ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಮುದ್ರದವರಿಗೆ ಸಹಿ ಬಾರದೆಂದು ಅವರೇ ತೀರ್ಮಾನಿಸಿದ್ದರು.

ಪ್ರದರ್ಶನ ಮುಗಿದು ಗಂಡ ಹೆಂಡಿರು ಬೇರೆ ಊರಿನ ಮೈದಾನ ಸೇರಿದ ಮೇಲೂ ವಿಚಾರಣೆ ನಡೆದೇ ಇತ್ತು. ಹಾವನ್ನು ಸರ್ಕಾರಿ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ನಿರ್ದೇಶಕರ ಹೆಸರು ಕೆತ್ತಿಸಿದ್ದಾರಂತೆ ಎಂದು ಪೇಪರು ಓದಿ ಗಂಡ ಹಲ್ಲು ಕಡಿದ. ಅವಳು ಬಾಲದ ಗುಂಡಿ ಹಾಕಿಕೊಳ್ಳುತ್ತಾ ಹೇಳಿದಳು:

“ಹೊಟ್ಟೆ ಹತ್ರ ಹೊಲಿಗೆ ಸಡಿಲ ಇತ್ತು ಕಣ್ರೀ. ಹತ್ತಿ ಹೊರಗೆ ಬಂದ್ರೆ ಅದಕ್ಕೂ ಏನೋ ಒಂದು ಅರ್ಥ ಬರೀತಾರೆ ಬಿಡಿ.”